ಅಭ್ಯಾಸದ ವಾರ್ತೆ

ಮದ್ದೂರು,
೧೭ ಜುಲೈ ೧೯೭೪

ನನ್ನವರಿಗೆ ವೇದವತಿಯ ನಮಸ್ಕಾರಗಳು.

ಮದರಾಸಿನ ಸೆಕೆ ನಿಮಗೆ ಆಗಿಬರುವುದಿಲ್ಲ; ಹೊತ್ತಿಗೆ ಮಜ್ಜಿಗೆಯಾದರೂ ಸಿಗುತ್ತಿದೆಯೇ? ಗೋದಾಳಿಗೆ ಹಲ್ಲು ಬರುತ್ತಿದೆ, ಮೈ ಬಿಸಿ ಇಳಿದಿಲ್ಲ. ತೊಟ್ಟಿಲು ತೂಗುತ್ತಲೇ ಬೆಳಗಾಗುತ್ತಿದೆ. ಅತ್ತೆಯವರು ಚೆನ್ನಾಗಿದ್ದಾರೆ, ಅಂದರೆ ಬೈಯುತ್ತಿದ್ದಾರೆ.

ಕಾಲೇಜಿನ ವಿಷಯ ಬರೆಯದಿದ್ದರೆ ನನಗೆ ತಡೆಯದು. ಬರೀ ರೇಡಿಯೊ ರಿಪೇರಿ ಅಂಗಡಿಯಿದ್ದಾಗ ಎಷ್ಟು ನೆಮ್ಮದಿಯಿತ್ತು! ಸುಮ್ಮನೆ ನೋಡಲು ಬಂದ ಹುಡುಗರಿಗೆ ಬೆಸುಗೆ ಹಾಕುವುದನ್ನು ಕಲಿಸುತ್ತ ಕಲಿಸುತ್ತ ನೀವು ಅದನ್ನು ತರಗತಿ ಮಾಡಿದಿರಿ. ನಮ್ಮ ಮದುವೆಯಾದ ಮರುವರ್ಷ ಮಹಡಿ ಬಾಡಿಗೆಗೆ ಹಿಡಿದು ‘ಬ್ರಾಡ್‌ಕಾಸ್ಟಿಂಗ್ ಮತ್ತು ಟೆಕ್ನಿಕಲ್ ಕಾಲೇಜು’ ಎಂದು ಬೋರ್ಡು ಏರಿಸಿದಿರಿ. ವಾರ್ತೆ ಓದುವ ತರಗತಿ ಸೇರಿಸಿದ ಮೇಲೆಯೇ ಲಾಭ ಕಂಡದ್ದು, ಒಪ್ಪುತ್ತೇನೆ. ಆದರೆ ‘ಇಲ್ಲಿ ಕಲಿತವರಿಗೆ ಆಕಾಶವಾಣಿಯಲ್ಲಿ ಕೆಲಸ’ ಎನ್ನುತ್ತೀರಲ್ಲ, ಇದುವರೆಗೆ ಯಾರಿಗೆ ಸಿಕ್ಕಿದೆ ಹೇಳಿ? ಬರುವಾಗ ಬೆಂಗಳೂರಿನಲ್ಲಿ ಅದನ್ನೇ ಕರಪತ್ರ ಮಾಡಿಸಿ ತರುತ್ತೇನೆ ಎಂದಿದ್ದೀರಿ.

ನೀವು ಅಭ್ಯಾಸಕ್ಕೆಂದು ಬರೆದಿಟ್ಟು ಹೋದ ವಾರ್ತೆಯನ್ನು ನಮ್ಮ ವಿದ್ಯಾರ್ಥಿ ಚಿಕ್ಕಮಾದು ಕಳೆದ ವಾರ ಒಂದು ಸಂಜೆ ಎಂದಿನಂತೆ ಬಸ್‌ಸ್ಟ್ಯಾಂಡಿನತ್ತ ತಿರುಗಿಸಿದ ಮೈಕಿನಲ್ಲಿ ಓದಿದ: ‘ನಾಳೆ ನಾಲೆಗೆ ನೀರು ಬಿಡಲಾಗುವುದು.’ ಎಷ್ಟು ಗಂಭೀರವಾಗಿ ಓದಿದನೆಂದರೆ, ಬಸ್ಸಿಗೆ ಕಾಯುತ್ತಿದ್ದ ಬೆಸಗರಹಳ್ಳಿಯ ಚಿಕ್ಕಬೋರಯ್ಯ ಅದನ್ನು ಆಕಾಶವಾಣಿಯೆಂದೇ ನಂಬಿ, ಮನೆಗೆ ಹೋದವನೇ ಬಿತ್ತನೆ ಭತ್ತ ನೆನೆಹಾಕಿದ. ನೀರು ಬರಲಿಲ್ಲ. ಇವತ್ತು ಬೆಳಿಗ್ಗೆ ಮೊಳಕೆ ಬಂದು ಬಿತ್ತಲಾಗದಂತೆ ಹೆಣೆದುಕೊಂಡ ಭತ್ತದ ಕುಕ್ಕೆಯನ್ನು ನಮ್ಮ ಮೆಟ್ಟಿಲ ಮೇಲೆ ಕುಕ್ಕಿದ. “ನೀರು ಬುಡ್ತಾರೆ ಅಂದ್ರಿ, ನಾಲೇಲಿ ಆಡು ಮನಗವೆ ಕಣವ್ವ! ತಕಳಿ, ಇದ್ನ ನಿಮ್ ಮೈಕ್ನೊಳ್ಗೇ ಚೆಲ್ಕಳಿ” ಎಂದ. ಅದು ಬರೀ ಅಭ್ಯಾಸ ಎಂದು ತಡವರಿಸಿದೆ. ಅವನ ಮಗಳು ಪಟ್ಟಲಮ್ಮನೂ ನಮ್ಮಲ್ಲೇ ವಾರ್ತೆ ಓದಲು ಕಲಿಯುತ್ತಿದ್ದಾಳಲ್ಲ; ಅದಕ್ಕೇ ಅವನು, “ಅಂಗಾರೆ ನನ್ ಮಗಳ್ಗೆ ಕೊಡುಸ್ತೀವಿ ಅಂದ ಕೆಲ್ಸಾನೂ ಅಭ್ಯಾಸವೇನವ್ವ?” ಎಂದ. ಅತ್ತೆಯವರು ಒಳಗಿನಿಂದ ಬೀಜದ ಭತ್ತ ತಂದು ಅವನ ಕುಕ್ಕೆಗೆ ಸುರಿದು, “ನನ್ನ ಮಗ ಬರಲಿ, ಕಿವಿ ಹಿಂಡ್ತೀನಿ” ಎಂದರು. ಹೋಗುವ ಮೊದಲು ಚಿಕ್ಕಬೋರಯ್ಯ ಕೇಳಿದ್ದು ಒಂದೇ: ಅದು ಸುಳ್ಳು ವಾರ್ತೆಯೆಂದು ಅದೇ ಮೈಕಿನಲ್ಲಿ ಹೇಳಬೇಕು.

ಎಣ್ಣೆ ತಿಂಡಿ ಕಡಿಮೆ ಮಾಡಿ. ಗೋದಾ ನಿಮ್ಮ ಫೋಟೋ ಕಂಡರೆ ಕೈಚಾಚುತ್ತಾಳೆ.

ನಿಮ್ಮ
ವೇದವತಿ

ಅಂಟಿಸುವ ಮುನ್ನ ಇನ್ನೊಂದು: ಈಗಷ್ಟೇ ಮಹಡಿ ಇಳಿದು ಬಂದೆ. ಸಂಜೆಯ ವಾರ್ತೆ ನಾನೇ ಓದಿದೆ, ಗೋದಾ ಸೊಂಟದಲ್ಲಿ ಅಳುತ್ತಿದ್ದಳು. ‘ನೀರಿನ ವಾರ್ತೆ ನಿಜವಲ್ಲ, ಅದು ಕಲಿಯುವವರ ಓದು. ಆಕಾಶವಾಣಿಯಲ್ಲಿ ಕೆಲಸ ಕೊಡಿಸುವ ಅಧಿಕಾರ ಈ ಕಾಲೇಜಿಗಿಲ್ಲ.’ ಎರಡನೆಯ ಮಾತನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ಕರಪತ್ರ ಮಾಡಿಸಬೇಡಿ.