ಎಳನೀರಿನ ಮಚ್ಚು

ಗುರುವಾರ, ಮೇ 9
ಮೊಣಕಾಲಿಗೆ ಮುಲಾಮು ಹಚ್ಚಿದೆ. ಎದುರು ಮನೆಯ ಪರದೆ ಮತ್ತೆ ಅಲ್ಲಾಡಿತು — ಆ ಹೆಂಗಸಿಗೆ ಬೇರೆ ಕೆಲಸವಿಲ್ಲ.

ಶನಿವಾರ ಎರ್ಮಿನ್‌ಳ ಒಂಬತ್ತನೆಯ ರಾತ್ರಿ. ನಮ್ಮ ಜಮೈಕಾದ ಪದ್ಧತಿಯಂತೆ ಹಾಡಿ, ಕುಡಿದು, ಡಾಮಿನೊ ಬಡಿದು ಸತ್ತವಳನ್ನು ನಮ್ಮ ಮನೆಯಿಂದಲೇ ಕಳಿಸಬೇಕು. ಎಳನೀರು ಬೆರೆಸದೆ ರಮ್ಮು ಮುಟ್ಟಿದವಳಲ್ಲ ನನ್ನ ಗೆಳತಿ. ಕಾಯಿ ಇಲ್ಲೇ ಲಂಡನ್ನಿನ ಬ್ರಿಕ್ಸ್‌ಟನ್ ಮಾರ್ಕೆಟ್ಟಿನಿಂದ ಬಂತು. ಮಚ್ಚು ಅಣ್ಣನ ಮನೆಯಲ್ಲಿದೆ. ಅಣ್ಣನ ಮಗ ಲಿನ್ವಾಲ್ ನನ್ನ ಮನೆಯ ಮಹಡಿಯ ಹಿಂದಿನ ಕೋಣೆಯಲ್ಲೇ ಇರುವವನು, ಬಸ್ ಡ್ರೈವರ್. ಡ್ಯೂಟಿ ಮುಗಿಸಿ ತಾ ಎಂದೆ. ಬಟ್ಟೆ ಸುತ್ತಿ ಕೋಟಿನೊಳಗೆ ಇಟ್ಟುಕೋ, ಬಸ್ಸಿನಲ್ಲಿ ಮಕ್ಕಳು ಹೆದರಬಾರದು ಎಂದೆ.

ಜಮೈಕಾದಲ್ಲಿ ಮಚ್ಚು ಹಿಡಿದೇ ಚರ್ಚಿನ ಮುಂದೆ ಹೋಗುತ್ತಿದ್ದೆವು. ಪಾದ್ರಿಯೂ ತಿರುಗಿ ನೋಡುತ್ತಿರಲಿಲ್ಲ.

ಶುಕ್ರವಾರ, ಮೇ 10
ಲಿನ್ವಾಲ್ ರಾತ್ರಿ ಬರಲಿಲ್ಲ. ಬೆಳಗ್ಗೆ ಬಂದ, ಮುಖ ಬೂದಿ. ಬಸ್ ಸ್ಟಾಪಿನಲ್ಲಿ ಇಬ್ಬರು ಪೊಲೀಸರು ನಿಲ್ಲಿಸಿದರಂತೆ. ಯಾರೋ ಕಳ್ಳ, ಇವನ ಹಾಗೇ ಇದ್ದನಂತೆ. ಯಾವ ಹಾಗೆ? ಕಪ್ಪಗೆ, ಎತ್ತರ. ಅಷ್ಟೇ.

ಜೇಬಿಗೆ ಕೈ ಹಾಕುವ ಮೊದಲು ಕಾರಣ ಹೇಳಬೇಕು, ಏನು ಹುಡುಕುತ್ತಿದ್ದೇವೆ ಅಂತಲೂ ಹೇಳಬೇಕು — ಕಾನೂನು. ಇವನು ಕೇಳಿದ. ಉತ್ತರಕ್ಕೆ ಮೊದಲೇ ಅವರ ಕೈ ಕೋಟಿನೊಳಗೆ. ಮಚ್ಚು ಸಿಕ್ಕಿತು. ಬಚ್ಚಿಟ್ಟಿದ್ದಾನೆ ಅಂದರು. ರಾತ್ರಿಯೆಲ್ಲ ಸ್ಟೇಷನ್ನಿನಲ್ಲಿ ಕೂರಿಸಿ, ಮಚ್ಚು ಇಟ್ಟುಕೊಂಡು ಇವನನ್ನು ಬಿಟ್ಟರು.

ಬಚ್ಚಿಡಲು ಹೇಳಿದವಳು ನಾನು.

ವಕೀಲೆಗೆ ಫೋನ್ ಮಾಡಿದೆ. ನಿಲ್ಲಿಸಿದ್ದೇ ತಪ್ಪಿರಬಹುದು, ಆದರೂ ಸಿಕ್ಕಿದ್ದನ್ನು ಕೋರ್ಟಿಗೆ ತರಬಹುದು ಅಂದಳು. ಎಂಥ ಕಾನೂನೋ. ಯಾಕೆ ಕಳಿಸಿದೆ ಅಂತ ನಾನು ಹೇಳಿಕೆ ಕೊಡಬೇಕು. ಕೇಸಾದರೆ ಅವನ ಬಸ್ಸಿನ ಕೆಲಸ ಹೋಗುತ್ತದೆ.

ಸ್ಟೇಷನ್ನಿಗೆ ಹೋದೆ. ಕೌಂಟರಿನ ಮೇಲೆ ಕಾಯಿ ಇಟ್ಟೆ. “ಇದನ್ನ ಚಮಚದಲ್ಲಿ ಕೆತ್ತಿ ತೋರ್ಸಪ್ಪ” ಅಂದೆ. ಪೊಲೀಸಿನವನು ನಕ್ಕ. ಹೇಳಿಕೆಗೆ ಸೋಮವಾರ ಬನ್ನಿ ಅಂದ. ಆಮೇಲೆ ಬಗ್ಗಿ, ಮೆತ್ತಗೆ — “ಅಜ್ಜೀ, ಅವನ ಜೇಬಲ್ಲಿ ಇನ್ನೇನೇನಿರುತ್ತೆ, ನಿಮಗೆ ಗೊತ್ತಾ?”

ಏನು ಹಾಗಂದರೆ? ಭುಜ ಹಾರಿಸಿದ. ಸಿಹಿ ಮಾತಿನವರನ್ನು ನಾನು ನಂಬುವುದಿಲ್ಲ.

ಆದರೂ...

ಭಾನುವಾರ, ಮೇ 12
ನಿನ್ನೆ ರಾತ್ರಿ ಎರ್ಮಿನ್ ಎಳನೀರಿಲ್ಲದೆ ಬರೀ ರಮ್ಮಿನಲ್ಲೇ ಹೋದಳು. ಲಿನ್ವಾಲ್ ಕೆಳಗಿಳಿದು ಬರಲೇ ಇಲ್ಲ. ಯಾಕೆ? ನಾಚಿಕೆಯೋ? ಬೇರೇನೋ? ಇತ್ತೀಚೆಗೆ ಫೋನು ಬಂದರೆ ಹಿತ್ತಲಿಗೆ ಹೋಗಿ ಮಾತಾಡುತ್ತಾನೆ.

ಬೆಳಗ್ಗೆ ಅವನು ಸ್ನಾನಕ್ಕೆ ಹೋಗಿದ್ದ. ಕೋಟು ಮೊಳೆಗೆ ನೇತಾಡುತ್ತಿತ್ತು. ಕೈ ಹಾಕಿದೆ. ಚಿಲ್ಲರೆ. ಡಿಪೋ ಕೀಲಿ. ಪೆಪ್ಪರ್‌ಮಿಂಟ್. ಇನ್ನೊಂದು ಜೇಬಿಗೆ ಕೈ ಹೋಗುವಾಗ ತಿರುಗಿದರೆ ಬಾಗಿಲಲ್ಲಿ ನಿಂತಿದ್ದ. ಎರಡೂ ಕೈ ಮೇಲೆತ್ತಿದ.

“ಕಾರಣ ಹೇಳ್ಬೇಕು ಅತ್ತೆ. ಅವರೂ ಹೇಳ್ಬೇಕು, ನೀವೂ ಹೇಳ್ಬೇಕು.”

ಒಗೆಯಲು ಅಂದೆ.

ಭಾನುವಾರ ಈ ಮನೆಯಲ್ಲಿ ಒಂದು ಕರವಸ್ತ್ರವನ್ನೂ ಒಗೆಯುವುದಿಲ್ಲ. ಆ ನಿಯಮ ಮಾಡಿದವಳೇ ನಾನು.

ಸೋಮವಾರ, ಮೇ 13, ಬೆಳಗ್ಗೆ
ನನ್ನ ಕೋಣೆಯ ಬಾಗಿಲು ತೆರೆದರೆ ಹಿಡಿಕೆಗೇ ಕೋಟು ತೂಗುಹಾಕಿದ್ದಾನೆ. ಎಲ್ಲ ಜೇಬುಗಳನ್ನೂ ಹೊರಗೆಳೆದು ಬಿಟ್ಟಿದ್ದಾನೆ, ನಾಯಿಯ ನಾಲಿಗೆಯ ಹಾಗೆ. ಖಾಲಿ. ರಾತ್ರಿಯೇ ಖಾಲಿ ಮಾಡಿದನೋ — ಥೂ, ನೋಡು, ಮತ್ತೆ.

ಕೆಳಗೆ ಕಾಯುತ್ತಿದ್ದಾನೆ, ನನ್ನನ್ನು ಸ್ಟೇಷನ್ನಿಗೆ ಕರೆದೊಯ್ಯಲು. ಬರೀ ಶರ್ಟಿನಲ್ಲಿ. ಹೊರಗೆ ಚಳಿ.

ನಾನೇ ಕಳಿಸಿದ್ದು, ಎಳನೀರಿಗೆ. ಅಷ್ಟನ್ನು ಆಣೆಯಿಟ್ಟು ಹೇಳಬಲ್ಲೆ. ಉಳಿದದ್ದನ್ನು ಆ ಸಿಹಿ ಮಾತಿನವನು ಮತ್ತೆ ಕೇಳಿದರೆ —

“ಅತ್ತೆ, ಹೊತ್ತಾಯ್ತು.”

ಕೋಟು ಅವನಿಗೆ ಕೊಡಬೇಕು. ಹೀಗೇ ಹೇಗೆ ಕೊಡುವುದು? ಜೇಬುಗಳನ್ನು ಒಳಕ್ಕೆ ತಳ್ಳಬೇಕು. ಅದಕ್ಕೂ ನಾನು ಮತ್ತೆ ಕೈ ಹಾಕಲೇಬೇಕಲ್ಲ.