ಅಮ್ಮನಿಗೂ ಹೆಕ್ಟರನಿಗೂ ನಡುವೆ ಹತ್ತಡಿ

ಸೆಪ್ಟೆಂಬರ್ 9, ಮಂಗಳವಾರ

ಕಾಳು ನೆನೆಹಾಕಿದೆ. ನಾಳೆ ಊರಿನ ಹಾಲ್‌ನಲ್ಲಿ ಹಿರಿಯರ ಊಟ — ಬೇಯಿಸಿದ ಬೀನ್ಸ್ ಕಾಳು, ಕಂದು ಬ್ರೆಡ್ಡು, ಚಹಾ. ಈರುಳ್ಳಿ ಹೆಚ್ಚುತ್ತಿದ್ದಾಗ ಹಿಂದುಗಡೆ ಗ್ಯಾಸ್ ಟ್ರಕ್ಕಿನ ಸದ್ದು. ಗ್ಯಾಸಿನವನು ಒಲೆಯ ಟ್ಯಾಂಕು ತುಂಬಿಸಿ ಹೋಗುತ್ತಾನೆ ಬಿಡು ಎಂದುಕೊಂಡೆ. ಹೋಗಲಿಲ್ಲ. ಒಳಗೆ ಬಂದು ಟೋಪಿ ತೆಗೆದು ನಿಂತ. ಯಾರೋ ಸತ್ತರೇನೋ ಅನ್ನುವ ಮುಖ.

"ತುಂಬ್ಸೋಕಾಗಲ್ಲಮ್ಮ. ಟ್ಯಾಂಕಿಗೂ ಆ ಹೊಸ ಹೀಟ್ ಪಂಪಿಗೂ ಮಧ್ಯೆ ಹತ್ತಡಿ ಇರ್ಬೇಕು. ಏಳೇ ಇದೆ."

"ಜೂನ್‌ನಿಂದ ಹಾಗೇ ಇದೆಯಲ್ಲಪ್ಪ?"

"ಇದ್ದೂ ಇನ್ನೂ ಹಾರಿಹೋಗಿಲ್ಲ ಅನ್ನೋದು ನಿಮ್ಮ ಪುಣ್ಯ. ಗ್ಯಾಸ್ ಸೋರಿ, ಆ ಪಂಪಿನ ಕಿಡಿ ತಾಗಿದ್ರೆ ನಿಮ್ಮ ಬೀನ್ಸ್ ತಿನ್ನೋಕೆ ಯಾರಿರ್ತಿದ್ರು?"

ವಾಲ್ವ್ ಮುಚ್ಚಿದ. ಕೆಂಪು ಚೀಟಿ ಕಟ್ಟಿದ. ಹೋದ. ನನ್ನ ಕಾಳು ನೀರಲ್ಲಿ ಉಬ್ಬುತ್ತಾ ಕೂತಿದೆ.

ಅಕ್ಟೋಬರ್ ನಾಲ್ಕಕ್ಕೆ ಇದೇ ಹಾಲ್‌ನಲ್ಲಿ ನನ್ನ ಮದುವೆ. ಅರವತ್ತೊಂದನೇ ವಯಸ್ಸಿಗೆ, ಮೊದಲನೇದು. ತೊಂಬತ್ತು ಜನರ ಅಡುಗೆ ಇದೇ ಒಲೆಯ ಮೇಲಾಗಬೇಕು. ಇಡೀ ಕೇಪ್ ಬ್ರೆಟನ್ ದ್ವೀಪದಲ್ಲಿ ಕೆಂಪು ಚೀಟಿ ಕಟ್ಟಲು ಇವನಿಗೆ ಇನ್ನೊಂದು ಒಲೆ ಸಿಗಲಿಲ್ಲ!

ಒಂದನ್ನು ಸ್ವಲ್ಪ ಸರಿಸಿದರಾಯಿತು ಅನ್ನಬಹುದು. ಅನ್ನುವವರು ನಮ್ಮೂರಿಗೆ ಬಂದು ಅನ್ನಲಿ. ಟ್ಯಾಂಕು ಅಮ್ಮನದು. ಅಂದರೆ, ಅಮ್ಮ ಹೋದ ಮೇಲೆ ಅವಳ ನೆನಪಿಗೆ ನಾನು ಹಾಲ್‌ಗೆ ಕೊಟ್ಟದ್ದು. ಹಿತ್ತಾಳೆ ಫಲಕವಿದೆ — "ಎಫಿ. ಯಾರನ್ನೂ ಹಸಿದು ಕಳಿಸಲಿಲ್ಲ." ಹೀಟ್ ಪಂಪು, ಅಂದರೆ ಹಾಲ್ ಬೆಚ್ಚಗಿಡುವ ಕರೆಂಟ್ ಯಂತ್ರ, ಹೆಕ್ಟರನದು, ಅವನ ನೆನಪಿಗೆ. ಅದಕ್ಕೂ ಫಲಕ — "ಹೆಕ್ಟರ್. ನಮ್ಮನ್ನು ಬೆಚ್ಚಗಿಟ್ಟರು." ಹೆಕ್ಟರ್ ಅಂದರೆ ಲಾಕಿಯ ಅಪ್ಪ. ಲಾಕಿ ಅಂದರೆ ನನ್ನ ಮದುಮಗ.

ಸೆಪ್ಟೆಂಬರ್ 10, ಬುಧವಾರ

ಹಿರಿಯರಿಗೆಲ್ಲ ತಣ್ಣನೆ ಸ್ಯಾಂಡ್‌ವಿಚ್ಚು. ಗೊಣಗಿದರು. ಗೊಣಗದೆ ತಿಂದದ್ದು ಯಾವತ್ತು, ಬಿಡಿ.

ಮಧ್ಯಾಹ್ನ ಲಾಕಿ ಬಂದ, ಜೊತೆಗೆ ಅವನ ಭಾವಮೈದ ವಿಲ್‌ಫ್ರೆಡ್ — ಅವನ ತಂಗಿ ಟೀನಾಳ ಗಂಡ. ಹೀಟ್ ಪಂಪು ಕೂರಿಸಿದ ಮಹಾನುಭಾವ. ಅಳತೆ ಹಿಡಿದರು. ಏಳಡಿ.

"ನಾನು ಅಳೆದೇ ಹಾಕಿದ್ದು," ಅಂದ ವಿಲ್‌ಫ್ರೆಡ್. "ಸರಿಯಾಗಿ ಹತ್ತಡಿ ಇತ್ತು."

"ಎಲ್ಲಿಂದ ಎಲ್ಲಿಗೆ ಅಳೆದೆ ಮಾರಾಯ?" ಎಂದೆ.

ತೋರಿಸಿದ. ಅಮ್ಮನ ಫಲಕದಿಂದ ಹೆಕ್ಟರನ ಫಲಕಕ್ಕೆ! ಒಂದು ಟ್ಯಾಂಕಿನ ಬೇಲಿಯ ಆಚೆ ತುದಿಯಲ್ಲಿ, ಇನ್ನೊಂದು ಪಂಪಿನ ಈಚೆ ಬದಿಯ ಗೋಡೆಯ ಮೇಲೆ. ಫಲಕಗಳ ಮಧ್ಯೆ ಹತ್ತಡಿ. ಯಂತ್ರಗಳು ಅದರೊಳಗೆ ನೆಂಟರ ಹಾಗೆ ಒತ್ತೊತ್ತಾಗಿ ಕೂತಿವೆ.

"ಹಿತ್ತಾಳೆಗೆ ಬೆಂಕಿ ಹತ್ತುತ್ತೇನೋ ಪೆದ್ದ?" ಎಂದ ಲಾಕಿ.

"ನಂಗೇನ್ ಗೊತ್ತು? ನೀವೆಲ್ಲ 'ಎಫಿ ಇಲ್ಲಿ, ಹೆಕ್ಟರ್ ಅಲ್ಲಿ' ಅಂತಾನೇ ಹೇಳ್ತಿದ್ರಿ. ಎಫಿಯಿಂದ ಹೆಕ್ಟರ್‌ಗೆ ಅಳೆದೆ."

ನಗು ತಡೆಯಲಾಗಲಿಲ್ಲ. ಲಾಕಿಯೂ ನಕ್ಕ. ನಕ್ಕರೆ ಅವನ ಕಿವಿಗಳು ಕೆಂಪಾಗುತ್ತವೆ. ಈ ವಯಸ್ಸಿನಲ್ಲಿ ಗಂಡಸಿನ ಕಿವಿ ನೋಡಿ ನನಗೇನೋ ಆಗುತ್ತದೆ. ಯಾರೂ ಓದುವುದಿಲ್ಲವಲ್ಲ, ಬರೆದರೇನು.

ಸೆಪ್ಟೆಂಬರ್ 12, ಶುಕ್ರವಾರ

ಹ್ಯಾಲಿಫ್ಯಾಕ್ಸ್ ನಗರದಿಂದ ಗ್ಯಾಸ್ ಸುರಕ್ಷತೆಯ ಇನ್‌ಸ್ಪೆಕ್ಟರ್ ಬಂದಳು. ಕಾರ್ಮಿಯೆ ಎಂದು ಹೆಸರು. ಬೂಟು ನನ್ನದಕ್ಕಿಂತ ದೊಡ್ಡದು. ಗೋಡೆಯುದ್ದಕ್ಕೂ ಓಡಾಡಿದಳು.

"ಟ್ಯಾಂಕು ಎಡಕ್ಕೆ ಸರಿಸೋ ಹಾಗಿಲ್ಲ, ಅಡುಗೆಮನೆ ಬಾಗಿಲಿದೆ. ಪಂಪು ಬಲಕ್ಕೆ ಸರಿಸೋ ಹಾಗಿಲ್ಲ, ಕರೆಂಟ್ ಮೀಟರ್ ಮುಂದೆ ಮನುಷ್ಯ ನಿಲ್ಲೋಕೆ ಜಾಗ ಬೇಕು. ಎರಡರಲ್ಲಿ ಒಂದು ಮೂಲೆ ತಿರುಗಿ ಹೋಗ್ಲೇಬೇಕು."

ಟ್ಯಾಂಕು ಹೋದರೆ ಉತ್ತರದ ಗೋಡೆಗೆ, ಕಸದ ಡಬ್ಬಿಗಳ ಪಕ್ಕ. ಪಂಪು ಹೋದರೆ ಮುಂಬಾಗಿಲ ಮೆಟ್ಟಿಲ ಪಕ್ಕ, ಎಲ್ಲರ ಕಾಲಡಿ ಗುರುಗುಟ್ಟುತ್ತ.

"ಯಾವುದು ಹೋದರೆ ಒಳ್ಳೇದು, ನೀವೇ ಹೇಳಿ," ಎಂದೆ.

"ಯಾವುದಾದರೂ ಆಗತ್ತೆ. ಅದು ನಿಮ್ಮ ನಿಮ್ಮಲ್ಲಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕಾರು ಹತ್ತಿದಳು.

ಸೆಪ್ಟೆಂಬರ್ 14, ಭಾನುವಾರ

ಚರ್ಚ್ ಮುಗಿದ ಮೇಲೆ ಹಾಲ್ ಕಮಿಟಿ ಸಭೆ.

ಟೀನಾ ಶುರು ಮಾಡಿದಳು. "ಅಪ್ಪನ್ನ ಮೆಟ್ಟಿಲ ಹತ್ರ ಇಡೋಕೆ ಬಿಡಲ್ಲ. ಬಂದವರೆಲ್ಲ ಅಪ್ಪನ ಮೇಲೆ ಬೂಟು ಕೊಡವ್ತಾರೆ."

"ಮತ್ತೆ ನಮ್ಮಮ್ಮ ಕಸದ ಡಬ್ಬಿ ಪಕ್ಕ ಇರ್ಬಹುದಾ?"

"ಅಯ್ಯೋ ಅತ್ತಿಗೆಮ್ಮ, ಅದು ಟ್ಯಾಂಕು ಕಣೆ."

"ನಿಂದು ಅಪ್ಪ, ನಂದು ಟ್ಯಾಂಕು! ಎಲ್ಲಿ ಕಲಿತೆ ಈ ನ್ಯಾಯ?"

ಹಿಂದಿನ ಬೆಂಚಿನಿಂದ ಯಾರೋ, "ಬದುಕಿದ್ದಾಗಲೂ ಅವರಿಬ್ರೂ ಹತ್ತಡಿ ದೂರಾನೇ ಇದ್ರಲ್ಲ" ಅಂದರು. ನಿಜ. ಹೆಕ್ಟರನಿಗೆ ಹಾಲ್‌ನ ಚಳಿಗೆ ಹಚ್ಚುವ ಸೌದೆ ಒಲೆ ನೋಡಿಕೊಳ್ಳುವ ಕೆಲಸ. ಒಂದು ಸೌದೆ ಹೆಚ್ಚಿಗೆ ಹಾಕಿದರೆ ಪ್ರಾಣ ಹೋದಂತೆ. ಅಮ್ಮನಿಗೆ ಅಡುಗೆಮನೆ, ಸೆಕೆಯೆಂದು ಜನವರಿಯಲ್ಲೂ ಬಾಗಿಲು ತೆರೆದಿಡುತ್ತಿದ್ದಳು. ಅವನು ಮುಚ್ಚುವುದು, ಇವಳು ತೆರೆಯುವುದು. ಊರಿನ ಅರ್ಧ ಜನ ಅದನ್ನು ನೋಡಲೆಂದೇ ಊಟಕ್ಕೆ ಬರುತ್ತಿದ್ದರು.

ಎಲ್ಲರೂ ನಗುತ್ತಿದ್ದರು. ನಾನೂ ತಣ್ಣಗಾಗುತ್ತಿದ್ದೆ. ಅಷ್ಟು ಹೊತ್ತೂ ಬಾಯಿ ಬಿಡದ ಲಾಕಿ ಆಗ ಎದ್ದು ನಿಂತ.

"ಮರ್ಡೀನಾ, ನೀನು ಹೇಗೂ ನಮ್ಮನೆಗೆ ಬರ್ತಿದ್ದೀಯಲ್ಲ. ನಿಮ್ಮಮ್ಮನೂ ಸ್ವಲ್ಪ ಸರಿದುಬಿಟ್ರೆ..."

"ಯಾರು ಹೇಳಿದ್ದು?"

"ಏನು ಯಾರು ಹೇಳಿದ್ದು?"

"ನಾನು ನಿಮ್ಮನೆಗೆ ಬರ್ತೀನಿ ಅಂತ."

ಯಾವತ್ತೂ ಕೇಳಿರಲಿಲ್ಲ ಅವನು. ನಾನೂ ಹೇಳಿರಲಿಲ್ಲ. ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗುತ್ತಾಳೆ, ಮುಗಿಯಿತು — ಹಾಗೆಂದುಕೊಂಡುಬಿಟ್ಟಿದ್ದಾನೆ.

ಚೀಲ ತೆಗೆದುಕೊಂಡು ಮನೆಗೆ ಬಂದೆ.

ಅದೇ ದಿನ, ಸಂಜೆ

ಹೋಗುವುದಿಲ್ಲ. ಆ ಮನೆಯಲ್ಲಿ ಅವನ ಮೊದಲ ಹೆಂಡತಿಯ ಪರದೆಗಳು ಇನ್ನೂ ತೂಗುತ್ತಿವೆ. ಓಣಿಯಾಚೆ ಟೀನಾ, ನಾನು ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಬಟ್ಟೆ ಒಗೆದೆ ಎಂದು ಲೆಕ್ಕವಿಡುತ್ತಾಳೆ. ಇಲ್ಲಿ ಅಡುಗೆಮನೆ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಈ ಮನೆಯಲ್ಲಿ ಅಮ್ಮನನ್ನು ನೋಡಿಕೊಂಡೆ, ಅಮ್ಮನನ್ನು ಕಳುಹಿಸಿದೆ. ಆಮೇಲೆ ನನ್ನ ಪಾಡಿಗೆ ಇರುವುದನ್ನು ಕಲಿತೆ. ಅದೇನು ಸುಲಭವಿತ್ತೇ?

ಲಾಕಿ ಬೇಕು. ತುಂಬಾ ಬೇಕು. ಅದಕ್ಕೇ ಇಷ್ಟು ಕೋಪ.

ಸೆಪ್ಟೆಂಬರ್ 15

ಫೋನ್ ಇಲ್ಲ.

ಸೆಪ್ಟೆಂಬರ್ 17, ಬುಧವಾರ

ಹಿರಿಯರ ಊಟಕ್ಕೆ ಕರೆಂಟ್ ಒಲೆ ಎರಡು ತಂದು ಹಚ್ಚಿದೆ. ಸೂಪು ಕುದಿ ಬರುವಷ್ಟರಲ್ಲಿ ಫ್ಯೂಸ್ ಹೋಯಿತು. ಕತ್ತಲೆಯಲ್ಲಿ ಮುದುಕರೆಲ್ಲ ಹಾಡಲು ಶುರು ಮಾಡಿದರು. ಯಾರೋ ಯಾರದೋ ಪೈ ತಿಂದರು. ಬೆಳಕು ಬಂದಾಗ ಎಲ್ಲರ ಬಾಯಲ್ಲೂ ಪೈ ಇತ್ತು, ಒಪ್ಪಿಕೊಂಡವರು ಯಾರೂ ಇಲ್ಲ.

ಲಾಕಿಯಿಂದ ಇನ್ನೂ ಫೋನ್ ಇಲ್ಲ. ನಾನೇ ಮೊದಲು ಫೋನ್ ಮಾಡಬೇಕಿತ್ತೇ? ಮಾಡುವುದಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಬಂದ. ಅಡುಗೆಮನೆ ಬಾಗಿಲಲ್ಲೇ ನಿಂತ. ಚಹಾ ಕೊಟ್ಟೆ, ನಿಂತೇ ಕುಡಿದ.

"ಮದುವೆ ಬೇಡ ಅಂತೀಯಾ?"

"ಮದುವೆ ಬೇಕು. ಮನೆ ಬಿಡೋದು ಬೇಡ."

"ನಾನು ಹುಟ್ಟಿದ್ದೇ ಆ ಮನೇಲಿ, ಮರ್ಡೀನಾ."

"ನಾನು ಈ ಮನೇಲಿ."

"ಮತ್ತೇನು, ಮದುವೆ ಮಾಡ್ಕೊಂಡು ಅವರವರ ಮನೇಲಿ ಇರೋದಾ? ಊರವರು ನಗಲ್ವಾ?"

"ಊರವರು ಈಗ್ಲೇ ನಗ್ತಿದ್ದಾರೆ. ಹೊಸದಾಗಿ ನಗೋದು ಏನೂ ಉಳಿದಿಲ್ಲ."

ಕಪ್ಪು ತೊಳೆದಿಟ್ಟ. ಅವನೇ. ಅದು ಇನ್ನೂ ಸಂಕಟ. ನಾಲ್ಕನೇ ತಾರೀಖಿನ ಮಾತು ಇಬ್ಬರೂ ಎತ್ತಲಿಲ್ಲ.

ಸೆಪ್ಟೆಂಬರ್ 25, ಗುರುವಾರ

ಹಾಲ್‌ನ ಕಸ ಹಾಕಲು ಉತ್ತರದ ಮೂಲೆಗೆ ಹೋಗಿದ್ದೆ. ಗಾಳಿ ಎಲ್ಲ ಕಡೆಯಿಂದ ಬೀಸುತ್ತಿತ್ತು, ಅಲ್ಲಿ ಮಾತ್ರ ಇಲ್ಲ. ಆಗ ನೆನಪಾಯಿತು. ಅಮ್ಮ ಊಟ ಬಡಿಸಿದ ಮೇಲೆ ಕಸ ಹಾಕುವ ನೆಪ ಮಾಡಿ ಇಲ್ಲೇ ಬರುತ್ತಿದ್ದಳು. ಏಪ್ರನ್ ಜೇಬಿನಿಂದ ಸಿಗರೇಟು ತೆಗೆದು, ಕಣ್ಣು ಮುಚ್ಚಿ, ಒಂದು ದಂ. ಹೆಕ್ಟರನ ಕಣ್ಣಿಗೆ ಬೀಳದ ಜಾಗ ಇಡೀ ಹಾಲ್‌ನಲ್ಲಿ ಇದೊಂದೇ. "ಇಲ್ಲಿ ನಂಗೆ ಸ್ವರ್ಗ ಕಣೆ" ಅನ್ನುತ್ತಿದ್ದಳು.

ಡಬ್ಬಿಯ ಪಕ್ಕ ನಿಂತು ಒಬ್ಬಳೇ ನಕ್ಕೆ. ಸ್ವಲ್ಪ ಅತ್ತೆ ಕೂಡ. ಗ್ಯಾಸಿನವರಿಗೆ ಫೋನ್ ಮಾಡಿ ಟ್ಯಾಂಕು ಸರಿಸಲು ಹೇಳಿದೆ. ಆಮೇಲೆ ಲಾಕಿಗೆ.

"ಅಮ್ಮ ಸರಿಯುತ್ತಾಳೆ," ಎಂದೆ. "ನಾನು ಸರಿಯಲ್ಲ."

"ನೀನು ಸರಿಯಲ್ಲ ಅನ್ನೋದು ಊರಿಗೇ ಗೊತ್ತಲ್ಲ."

ಫೋನ್ ಇಟ್ಟುಬಿಟ್ಟ. ತಮಾಷೆ ಮಾಡಿದನೋ, ಬೈದನೋ. ಆ ಮನುಷ್ಯನ ಕಿವಿ ನೋಡದೆ ನನಗೆ ತಿಳಿಯುವುದಿಲ್ಲ.

ಅಕ್ಟೋಬರ್ 1, ಬುಧವಾರ

ಅಮ್ಮ ಸರಿದಳು. ಬೇಲಿ, ಫಲಕ ಎಲ್ಲ ಸಮೇತ. ಕಾರ್ಮಿಯೆ ಬಂದು ಕೆಂಪು ಚೀಟಿ ಕಿತ್ತಳು. ಕಿತ್ತು, ಅಮ್ಮನ ಫಲಕದ ಮಗ್ಗುಲಲ್ಲೇ ದೊಡ್ಡದೊಂದು ಬೋರ್ಡು ಹೊಡೆದಳು — "ಇಲ್ಲಿ ಸಿಗರೇಟು ಸೇದಬಾರದು." ನಾನು ನಗುವುದು ನೋಡಿ, "ಇದರಲ್ಲಿ ನಗೋದು ಏನೂ ಇಲ್ಲ, ತುಂಬಾ ಅಪಾಯ" ಅಂದಳು. "ಹೌದು ಮೇಡಂ, ಅವಳಿಗೂ ಎಷ್ಟು ಸಲ ಹೇಳಿದ್ದೆ" ಅಂದೆ.

ಒಲೆ ಹತ್ತಿತು. ನೀಲಿ ಜ್ವಾಲೆ. ಹಿರಿಯರಿಗೆ ಬಿಸಿ ಬೀನ್ಸ್. ಉಪ್ಪು ಕಮ್ಮಿ ಅಂದರು.

ಟೀನಾ ಬಂದು ಹ್ಯಾಮ್ ಒಪ್ಪಿಸಿ ಹೋದಳು, ಮದುವೆಗೆ. ಬಾಯಿ ತುಂಬ ಮಾತು. "ಲಾಕಿ ಮನೆ ಪೂರ್ತಿ ಖಾಲಿ ಮಾಡ್ತಿದ್ದಾನೆ ಕಣೆ. ಪರದೆ ಎಲ್ಲ ಇಳ್ಸಿದ. ಗೋಡೆಗೆ ಬಣ್ಣ ಹೊಡೀತಿದ್ದಾನೆ. ಕೇಳಿದ್ರೆ ಏನೂ ಹೇಳಲ್ಲ, ಬಣ್ಣ ಮಾತ್ರ ಹೊಡೀತಾನೆ."

ಗೊತ್ತಾಯಿತು. ನನಗಾಗಿ ಮನೆ ಸಿಂಗಾರ. ಬಣ್ಣ ಹೊಡೆದರೆ ಇವಳು ಬಂದೇ ಬರುತ್ತಾಳೆ ಎಂದು. ಇಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅದರಲ್ಲೂ ಅವನು ಬೆನ್ನು ನೋಯಿಸಿಕೊಂಡು ಏಣಿ ಹತ್ತಿದ್ದಾನೆಂದರೆ ಬೈಯಲೂ ಆಗುತ್ತಿಲ್ಲ.

ಅಕ್ಟೋಬರ್ 3, ಶುಕ್ರವಾರ, ಬೆಳಿಗ್ಗೆ

ತೊಂಬತ್ತು ಜನರಿಗೆ ಕಾಳು ನೆನೆಹಾಕಿದ್ದೇನೆ. ಮದುಮಗಳು ತಾನೇ ತನ್ನ ಮದುವೆಗೆ ಅಡುಗೆ ಮಾಡಿಕೊಂಡದ್ದು ಎಲ್ಲಾದರೂ ಉಂಟೇ? ಬೇರೆಯವರ ಕೈಗೆ ಕೊಟ್ಟರೆ ಸಕ್ಕರೆ ಸುರಿಯುತ್ತಾರೆ.

ನಾಳೆ ಮದುವೆಯಾದ ಮೇಲೆ ಸಂಜೆ ನಾನು ಯಾವ ಕಡೆ ನಡೆಯಬೇಕು? ಇಡೀ ಊರು ಅದನ್ನೇ ನೋಡಲು ನಿಂತಿರುತ್ತದೆ. ಇವತ್ತು ಮಧ್ಯಾಹ್ನದೊಳಗೆ ಹೋಗಿ ಅವನಿಗೆ ಹೇಳಿಬಿಡಬೇಕು. ಮದುವೆ ಬೇಡ, ಹೀಗೇ ಇರೋಣ, ಭಾನುವಾರ ಊಟಕ್ಕೆ ಬಾ ಎಂದು. ಕೋಟು ಹಾಕಿದೆ. ತೆಗೆದೆ. ಮತ್ತೆ ಹಾಕಿದೆ. ಹೇಳಲು ಹೊರಟ ಮಾತು ನನಗೇ ಬೇಡ, ಅವನಿಗೆ ಹೇಗೆ ಹೇಳಲಿ...

ಮಧ್ಯಾಹ್ನ

ಕೋಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಬಾಗಿಲು ದಾಟುವಷ್ಟರಲ್ಲಿ ಟ್ರಕ್ಕು. ಹಿಂದೆ ಹಿಂದೆ ಬರುತ್ತಿದೆ, ನನ್ನ ಹೂವಿನ ಪಾತಿಯ ಮೇಲೇ. ವಿಲ್‌ಫ್ರೆಡ್ ಹೊರಗೆ ನಿಂತು "ಬರ್ಲಿ, ಬರ್ಲಿ" ಎಂದು ಕೈ ಬೀಸುತ್ತಿದ್ದಾನೆ. ಅಳತೆ ಅವನದ್ದಾದರೆ ಪಾತಿ ಉಳಿದಂತೆಯೇ.

ಟ್ರಕ್ಕಿನಲ್ಲಿ ಒಂದು ಕುರ್ಚಿ. ಒಂದು ಫ್ರೀಜರ್. ಎರಡು ಪೆಟ್ಟಿಗೆ, ಹಗ್ಗ ಕಟ್ಟಿದ ಹಾಸಿಗೆ. ಲಾಕಿ ಇಳಿದ. ಕೂದಲಿಗೆಲ್ಲ ಬಿಳಿ ಬಣ್ಣ. ಕಿಟಕಿಯ ಹತ್ತಿರ ಬಂದ.

"ಮನೇನ ಹೊಸ ನರ್ಸಿಗೆ ಬಾಡಿಗೆಗೆ ಕೊಟ್ಟೆ. ಸೋಮವಾರ ಬರ್ತಾಳೆ. ಟೀನಾಗೆ ಇನ್ನೂ ಹೇಳಿಲ್ಲ."

"ಯಾಕೆ ಹೇಳಿಲ್ಲ?"

"ನಿನ್ನ ಪಕ್ಕ ನಿಂತ್ಕೊಂಡು ಹೇಳೋಣ ಅಂತ. ಒಬ್ಬನಿಗೇ ಭಯ."

ಕಣ್ಣು ಒರೆಸಿಕೊಂಡು, ಏನಾದರೂ ಬರೆಯುವ ನೆಪ ಮಾಡುತ್ತ ಇಲ್ಲಿ ಬಂದು ಕೂತಿದ್ದೇನೆ. ಹೊರಗೆ ಮಳೆ ಹನಿಯಲು ಶುರು. ಇಬ್ಬರೂ ಫ್ರೀಜರ್ ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಾರೆ. ಲಾಕಿಯ ಕಿವಿ ಕೆಂಪಗಾಗಿದೆ, ಭಾರಕ್ಕೋ ನಗುವಿಗೋ.

"ಎಲ್ಲಿಡ್ಲೇ ಇದನ್ನ?" ಎಂದು ಕೂಗುತ್ತಿದ್ದಾನೆ.

ಒಲೆಯ ಹತ್ತಿರ ಜಾಗವಿಲ್ಲ. ಕಿಟಕಿಗೆ ಅಡ್ಡ ಬರಬಾರದು. ನನ್ನ ಕುರ್ಚಿಯನ್ನೇ ಸ್ವಲ್ಪ ಆಚೆ ಎಳೆದರೆ ಜಾಗವಾದೀತು...