ಚಪಲ ಯಾರದು?

ಮಾರ್ಚ್ ೩
ನಿಘಂಟು ಕಚೇರಿಯಲ್ಲಿ ಉಳಿದವರೆಲ್ಲ ‘ಛತ್ರಿ’ ದಾಟಿದರು. ನಾನಿನ್ನೂ ‘ಚಪಲ’ದಲ್ಲೇ. ಸಂಸ್ಕೃತದಲ್ಲಿ ಅಲುಗುವುದು, ಒಂದೆಡೆ ನಿಲ್ಲದ್ದು. ನಮ್ಮಲ್ಲಿಗೆ ಬಂದು ನಾಲಿಗೆಯ ರೋಗವಾಯಿತು. ಉದಾಹರಣೆಗೆ ಬರೆದೆ: ‘ಅಪ್ಪನಿಗೆ ಬಾಯಿಚಪಲ ಹೆಚ್ಚು.’ ಸಂಪಾದಕರು ಕನ್ನಡಕದ ಮೇಲಿಂದ ನೋಡಿದರು. “ಮನೆ ವಿಷ್ಯ ನಿಘಂಟಿಗ್ಯಾಕಮ್ಮಾ?”

ಬರುವಾಗ ಬೇಕರಿಯಲ್ಲಿ ಒಂದು ಪೀಸ್ ಕ್ರೀಮ್ ಕೇಕ್ ಕಟ್ಟಿಸಿದೆ. ಅಪ್ಪನಿಗೆ ಶುಗರ್. ಆದರೂ ಆಸೆ ಇರುತ್ತದೆ, ಪಾಪ... ಅಕ್ಕನಿಗೆ ಗೊತ್ತಾದರೆ ಹುರಿದು ಮುಕ್ಕುತ್ತಾಳೆ.

ಮಾರ್ಚ್ ೪
ಇವತ್ತೂ ಕೇಕ್ ತಂದೆ. ಅಕ್ಕ ಡ್ಯೂಟಿಗೆ ಹೋದ ಮೇಲೆ ಕೊಟ್ಟೆ. ಅಪ್ಪ ಬಾಗಿಲ ಕಡೆ ನೋಡುತ್ತ ತಿಂದರು. “ನೀನೇ ಕಣೇ ನನ್ನ ಬಂಗಾರ. ಅವ್ಳು ಜೈಲರ್.”

ಮೀಸೆಯ ಕ್ರೀಮ್ ಒರೆಸಿದೆ. ಹೊಟ್ಟೆ ತುಂಬಿದ್ದು ನನಗೆ. ಚಿಕ್ಕಂದಿನಿಂದ ಈ ಮನೆಯಲ್ಲಿ ಬಂಗಾರ ಎಂದರೆ ಅಕ್ಕ ಒಬ್ಬಳೇ. ತಪ್ಪು, ಗೊತ್ತು. ನಾಳೆಯಿಂದ ನಿಲ್ಲಿಸಬೇಕು.

ಮಾರ್ಚ್ ೯
ನಿಲ್ಲಿಸಲಿಲ್ಲ.

ಮಾರ್ಚ್ ೨೬
ಅಪ್ಪನ ಕಾಲಿನ ಹೆಬ್ಬೆರಳು ಕಪ್ಪಾಗಿದೆ. ಶೂ ಕಚ್ಚಿದ ಗಾಯ, ಮಾಯಲೇ ಇಲ್ಲ. ನಾಳೆ ಬೆರಳು ತೆಗೆಯುತ್ತಾರಂತೆ. ಡಾಕ್ಟರ್ ಕೇಳಿದರು, “ಶುಗರ್ ಇಷ್ಟು ಹೇಗೆ ಏರ್ತು?” ಅಳೆದು ಬಡಿಸುವ ಅಕ್ಕನ ಮುಖ ಬಿಳಿಚಿತು.

“ನಂದೇ ಬಾಯಿಚಪಲ ಕಣಮ್ಮಾ. ಕದ್ದು ತಿಂದೆ,” ಎಂದರು ಅಪ್ಪ.

“ಇಷ್ಟು ದಿನ ನಾನು ಪಟ್ಟ ಪಾಡೆಲ್ಲ ನೀರಲ್ಲಿ ಹೋಮ ಆಯ್ತಲ್ಲ ಅಪ್ಪಾ!” ಅಷ್ಟೇ ಅಂದಳು. ಆಮೇಲೆ ಅವರ ಜೊತೆ ಮಾತೇ ಬಿಟ್ಟಳು.

ನಾನು ಪಕ್ಕದಲ್ಲೇ ಇದ್ದೆ. ತುಟಿ ಪಿಟಕ್ಕೆನ್ನಲಿಲ್ಲ. ಥೂ ನನ್ನ ಜನ್ಮಕ್ಕೆ.

ಮಾರ್ಚ್ ೨೭, ಬೆಳಿಗ್ಗೆ, ಆಸ್ಪತ್ರೆ
ಅಕ್ಕ ಔಷಧಿ ತರಲು ಹೋದಾಗ ಕೇಳಿದೆ. “ಯಾಕಪ್ಪಾ ನನ್ನ ಹೆಸರು ಹೇಳ್ಲಿಲ್ಲ?”

“ಹೇಳಿ ಏನು ಮಾಡ್ಲಿ ಪುಟ್ಟೀ... ನಂಗೆ ಆ ಕ್ರೀಮ್ ಮೊದ್ಲಿಂದ್ಲೂ ಸೇರಲ್ಲ. ನೀನು ಅಷ್ಟು ಆಸೆಯಿಂದ ತರ್ತಿದ್ದೆ. ಬೇಡ ಅಂದ್ರೆ ನಿನ್ನ ಮುಖ ಬಾಡ್ತಿತ್ತು.”

ಚಪಲ ನನ್ನದು. ಹೋಗುವ ಬೆರಳು ಅವರದು.

ಅಕ್ಕ ಬಂದು ಕಾರಿಡಾರಿನ ತುದಿಯ ಬೆಂಚಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದಾಳೆ. ಅಪ್ಪನ ಮುಖ ನೋಡದೆಯೇ ಕಳಿಸುವ ಹಟ. ನಾನು ಹೇಡಿ, ಬರೆಯುತ್ತ ಕೂತಿದ್ದೇನೆ... ಸ್ಟ್ರೆಚರ್ ಬಂತು. ಅಪ್ಪ ಅವಳ ಬೆನ್ನನ್ನೇ ನೋಡುತ್ತಿದ್ದಾರೆ. ಒಳಗೆ ಒಯ್ಯುವುದರೊಳಗೆ ಅವಳು ತಿರುಗಬೇಕು. ಹೋಗಿ ಹೇಳುತ್ತೇನೆ — ಅಕ್ಕಾ, ಕೊಟ್ಟಿದ್ದು